ಜಿಂಕೆ ಬೇಟೆಗೂ ಸೊಂಟಕ್ಕೂ ಒಂದೇ ರಿವಾಲ್ವರ್ ಆಗುತ್ತದೆಯೇ?

ಪ್ರಶ್ನೆ: ನಾನು ಚಿಕ್ಕಮಗಳೂರು ಕಡೆಯವನು. 14 ವರ್ಷದಿಂದ ಅಮೆರಿಕದ ಇಂಡಿಯಾನಾದಲ್ಲಿದ್ದೇನೆ. ಹೋದ ವರ್ಷ ಇಲ್ಲಿನ ನಾಗರಿಕನಾದೆ. ಗೆಳೆಯನ ಜೋಳದ ಹೊಲದ ಅಂಚಿನ ಕಾಡಿನಲ್ಲಿ ಈ ನವೆಂಬರ್‌ಗೆ ಜಿಂಕೆ ಬೇಟೆಗೆ ಕೂರಬೇಕೆಂದಿದ್ದೇನೆ. ರೈಫಲ್ ಬೇಡ, ರಿವಾಲ್ವರ್‌ನಲ್ಲೇ ಹೊಡೆಯುವ ಆಸೆ. ಅದೇ ರಿವಾಲ್ವರ್ ಉಳಿದ ದಿನ ಆತ್ಮರಕ್ಷಣೆಗೆ ಅಂಗಿಯೊಳಗೆ ಸೊಂಟದಲ್ಲಿ ಇರಲಿ ಎಂಬ ಲೆಕ್ಕ. ಅಂಗಡಿಯಲ್ಲಿ ಒಬ್ಬರು .44 ಮ್ಯಾಗ್ನಮ್ ಅಂತಾರೆ, ಇನ್ನೊಬ್ಬರು .357 ಅಂತಾರೆ, ಮತ್ತೊಬ್ಬರು .38 ಸ್ಪೆಷಲ್ ಸಾಕು ಅಂತಾರೆ. ಯಾವ ತೋಟಾ ಆರಿಸಲಿ?

ಉತ್ತರ: ಒಂದೇ ರಿವಾಲ್ವರ್ ಎಂದು ಗಟ್ಟಿ ಮಾಡಿಕೊಂಡಿದ್ದರೆ, 4 ಇಂಚು ನಳಿಗೆಯ, ಉಕ್ಕಿನ .357 ಮ್ಯಾಗ್ನಮ್ ತೆಗೆದುಕೊಳ್ಳಿ. ಕಾಡಿಗೆ ಹೋಗುವಾಗ ಅದರಲ್ಲಿ 158 ಅಥವಾ 180 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿನ .357 ತೋಟಾ ಹಾಕಿ. ಉಳಿದ ದಿನ ಅದರಲ್ಲೇ .38 ಸ್ಪೆಷಲ್ ಪ್ಲಸ್ ಪಿ, ಅಂದರೆ ಮಾಮೂಲಿಗಿಂತ ಸ್ವಲ್ಪ ಹೆಚ್ಚು ಒತ್ತಡದ .38 ತೋಟಾ. ಎರಡು ಕೊಳ್ಳುವ ಅನುಕೂಲವಿದ್ದರೆ ಎರಡು ಕೊಳ್ಳಿ, ಅದನ್ನು ಆಮೇಲೆ ಹೇಳುತ್ತೇನೆ.

ಇನ್ನು ಕಾರಣಗಳು. ನಿಮಗೆ ಸಲಹೆ ಕೊಟ್ಟ ಮೂವರೂ ಒಂದೊಂದು ಕೆಲಸವನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿದ್ದಾರೆ. ನಿಮ್ಮ ಹತ್ತಿರ ಎರಡು ಕೆಲಸ ಇವೆ, ಅಲ್ವಾ?

ಮೊದಲು ಕಾನೂನು, ಯಾಕೆಂದರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ. ಇಂಡಿಯಾನಾದಲ್ಲಿ ಕೈಬಂದೂಕಿನಿಂದ ಜಿಂಕೆ ಹೊಡೆಯಬೇಕಾದರೆ ನಳಿಗೆ ಕನಿಷ್ಠ 4 ಇಂಚು ಇರಬೇಕು. ಗುಂಡಿನ ಅಡ್ಡಳತೆ .243 ಇಂಚಿಗೆ ಕಡಿಮೆ ಇರಬಾರದು. ಗುಂಡು ತೆಗೆದ ಖಾಲಿ ತೋಟೆಯ ಉದ್ದ ಕನಿಷ್ಠ 1.16 ಇಂಚು ಇರಬೇಕು. ಪೂರ್ತಿ ಲೋಹದ ಕವಚದ ಗುಂಡು ಕೂಡದು. ಈಗ .38 ಸ್ಪೆಷಲ್ ತೋಟೆಯನ್ನು ಅಳೆಯಿರಿ: 1.155 ಇಂಚು. ಒಂದು ಇಂಚಿನ ಸಾವಿರ ಭಾಗಗಳಲ್ಲಿ ಐದರಷ್ಟು ಗಿಡ್ಡ, ಹಾಗಾಗಿ ಬೇಟೆಗೆ ನಿಷಿದ್ಧ. .44 ಮ್ಯಾಗ್ನಮ್‌ಗಿಂತ ಗಿಡ್ಡದಾದ, ಮೆತ್ತನೆಯ .44 ಸ್ಪೆಷಲ್ ಸರಿಯಾಗಿ 1.16 ಇಂಚು, ಅದು ಪಾಸು. ಈ ಗೆರೆ ಸುಮ್ನೆ ಎಳೆದದ್ದಲ್ಲ. .38 ಸ್ಪೆಷಲ್‌ನಿಂದ ಜಿಂಕೆ ಹೊಡೆದರೆ ಪ್ರಾಣಿ ನರಳುವ ಸಾಧ್ಯತೆ ಜಾಸ್ತಿ. ನಿಯಮದಲ್ಲಿ ಅದಕ್ಕೆ ಜಾಗ ಇದ್ದಿದ್ದರೂ ನಾನು ಬೇಡವೆಂದೇ ಹೇಳುತ್ತಿದ್ದೆ.

ಬೇರೆ ರಾಜ್ಯದವರು ಇದನ್ನು ಓದುತ್ತಿದ್ದರೆ ಒಂದು ಮಾತು. ಪ್ರತಿ ರಾಜ್ಯದ ಅಳತೆಗೋಲು ಬೇರೆ. ವರ್ಜೀನಿಯಾದಲ್ಲಿ ತೋಟೆಯ ಉದ್ದ ಕೇಳುವುದಿಲ್ಲ, ನಳಿಗೆಯ ಬಾಯಲ್ಲಿ 350 ಅಡಿ-ಪೌಂಡ್ ಶಕ್ತಿ ಇರಬೇಕೆಂದು ಕೇಳುತ್ತಾರೆ. ಆ ವರ್ಷದ ಬೇಟೆ ಪುಸ್ತಕ ತೆಗೆದು ಓದಿಯೇ ದುಡ್ಡು ಬಿಚ್ಚಿ.

ನಿಮ್ಮ ವಿಷಯದಲ್ಲಿ ಎಲ್ಲವೂ ಬಂದು ಕೂಡುವುದು 4 ಇಂಚಿನ ಹತ್ತಿರ. ಅದಕ್ಕಿಂತ ಗಿಡ್ಡ ನಳಿಗೆ ಕಾಡಿಗೆ ಆಗದು. ಅದಕ್ಕಿಂತ ಉದ್ದದ್ದು ಅಂಗಿಯೊಳಗೆ ಅಡಗದು. ಅಂಗಡಿಯವರು ತೋರಿಸುವ ಚೆಂದದ 3 ಇಂಚಿನ ರಿವಾಲ್ವರ್ ಸೊಂಟಕ್ಕೆ ಎಷ್ಟೇ ಹಿತವಾದರೂ ಜಿಂಕೆಯ ಮುಂದೆ ಅದನ್ನು ಎತ್ತುವ ಹಾಗಿಲ್ಲ.

ಈಗ ತೋಟಾ. .38 ಸ್ಪೆಷಲ್ 19ನೇ ಶತಮಾನದ ಕೊನೆಯಲ್ಲಿ ಬಂದದ್ದು. ಅದನ್ನೇ ಹಿಗ್ಗಿಸಿ, ಮದ್ದಿನ ಬಲ ಹೆಚ್ಚಿಸಿ 1935ರಲ್ಲಿ .357 ಮ್ಯಾಗ್ನಮ್ ತಂದರು. ಎರಡರ ಗುಂಡೂ ಒಂದೇ ಅಳತೆ. .38 ಎಂಬುದು ಹಳೆಯ ಲೆಕ್ಕದಿಂದ ಉಳಿದುಕೊಂಡ ಹೆಸರು, ಅಷ್ಟೇ. ತೋಟೆಯನ್ನು ಬೇಕೆಂದೇ ಸುಮಾರು ಕಾಲಿಂಚಿನ ಅರ್ಧದಷ್ಟು ಉದ್ದ ಮಾಡಿದರು. ಹಳೆಯ .38 ರಿವಾಲ್ವರ್‌ಗೆ ಯಾರಾದರೂ ಮ್ಯಾಗ್ನಮ್ ತುರುಕಿ ಸಿಲಿಂಡರ್ ಸಿಡಿಸಿಕೊಳ್ಳಬಾರದು ಎಂಬ ಎಚ್ಚರ ಅದು. .38ರ ಒತ್ತಡದ ಮಿತಿ ಚದರ ಇಂಚಿಗೆ 17,000 ಪೌಂಡ್, ಪ್ಲಸ್ ಪಿ ಆದರೆ 20,000, .357ದ್ದು 35,000. ಹಾಗಾಗಿ .357 ರಿವಾಲ್ವರ್ .38 ಅನ್ನು ಸಲೀಸಾಗಿ ನುಂಗುತ್ತದೆ. ತಿರುಗಿಸಿ ಮಾಡಲಾಗದು. ಒಂದೇ ರಿವಾಲ್ವರ್‌ನಲ್ಲಿ ಎರಡು ಕೆಲಸ ಎನ್ನುವವರಿಗೆ ಇದಕ್ಕಿಂತ ಅನುಕೂಲದ ಜೋಡಿ ಸಿಗುವುದು ಕಷ್ಟ.

ಕಾರ್ಖಾನೆಗಳ ಪಟ್ಟಿ ನೋಡಿದರೆ, 158 ಗ್ರೇನ್, ಅಂದರೆ 10 ಗ್ರಾಮ್‌ಗೆ ಸ್ವಲ್ಪ ಹೆಚ್ಚು ತೂಕದ .357 ಗುಂಡು 4 ಇಂಚಿನ ನಳಿಗೆಯಿಂದ ಸೆಕೆಂಡಿಗೆ ಸುಮಾರು 1,235 ಅಡಿ ವೇಗದಲ್ಲಿ ಹೊರಡುತ್ತದೆ. ಶಕ್ತಿ 535 ಅಡಿ-ಪೌಂಡ್. 50 ಗಜಕ್ಕೆ ಅದು 428ಕ್ಕೆ ಇಳಿಯುತ್ತದೆ, 100 ಗಜಕ್ಕೆ 361ಕ್ಕೆ. .38 ಪ್ಲಸ್ ಪಿ ಅದೇ ತೂಕದ ಗುಂಡನ್ನು 890 ಅಡಿ ವೇಗದಲ್ಲಿ ಕಳಿಸುತ್ತದೆ, ಶಕ್ತಿ 278. .44 ಮ್ಯಾಗ್ನಮ್ 240 ಗ್ರೇನ್ ಗುಂಡನ್ನು 1,180 ಅಡಿ ವೇಗದಲ್ಲಿ ಕಳಿಸುತ್ತದೆ, ಶಕ್ತಿ 741. ಅಂಕಿ ನೋಡಿದರೆ .44 ಗೆದ್ದಂತೆ ಕಾಣುತ್ತದೆ. ಜಿಂಕೆಗೆ ಅದು ನಿಜಕ್ಕೂ ಒಳ್ಳೆಯ ತೋಟಾ. 1955ರಿಂದ ಲಕ್ಷಾಂತರ ಬೇಟೆಗಾರರು ಅದನ್ನು ನಂಬಿದ್ದಾರೆ. ಅಗಲವಾದ ತೂತು ಮಾಡುತ್ತದೆ, ಎದುರು ಬದಿಯಿಂದ ಹೊರಗೂ ಹೋಗುತ್ತದೆ, ಆದರೂ ರೈಫಲ್ ಗುಂಡಿನ ಹಾಗೆ ಮಾಂಸವನ್ನು ರಕ್ತಗೊಜ್ಜು ಮಾಡುವುದಿಲ್ಲ.

ಹಾಗಾದರೆ ನಿಮಗೆ .44 ಯಾಕೆ ಬೇಡ ಅನ್ನುತ್ತಿದ್ದೇನೆ? ಒದೆತಕ್ಕಾಗಿ. ಇದು ನನ್ನ ಅನುಭವದಿಂದ ಬಂದ ಮಾತು.

ನಾನು ಇಲ್ಲಿ ಮೊದಲ ಸಲ ರಿವಾಲ್ವರ್ ಹಿಡಿದು ಬೇಟೆಗೆ ಕೂತದ್ದು .44 ಮ್ಯಾಗ್ನಮ್ ಜೊತೆ. ಅಭ್ಯಾಸಕ್ಕೆ ಹೋದಾಗ 12 ಗುಂಡು ಹೊಡೆದರೆ ಅಂಗೈ ಉರಿಯುತ್ತಿತ್ತು. ಹಾಗಾಗಿ 12ಕ್ಕೇ ನಿಲ್ಲಿಸುತ್ತಿದ್ದೆ. ನವೆಂಬರ್‌ನ ಒಂದು ಸಂಜೆ 45 ಗಜದಲ್ಲಿ ಒಂದು ಹೆಣ್ಣು ಜಿಂಕೆ ಅಡ್ಡ ನಿಂತಿತು. ಟ್ರಿಗರ್ ಎಳೆಯುವ ಹೊತ್ತಿಗೆ ನನ್ನ ಕೈ ಒದೆತಕ್ಕೆ ಮೊದಲೇ ಹೆದರಿ ಅಲುಗಿತು. ಈಡು ಎದೆಗೆ ಬೀಳುವ ಬದಲು ಹೊಟ್ಟೆಗೆ ಬಿತ್ತು. ಟಾರ್ಚ್ ಹಿಡಿದು ನಡುರಾತ್ರಿಯವರೆಗೆ ಹುಡುಕಿದೆ. ಮರುದಿನ ಬೆಳಿಗ್ಗೆ ಹಳ್ಳದ ಬದಿಯಲ್ಲಿ ಸಿಕ್ಕಿತು, ಅಷ್ಟರಲ್ಲಿ ಮಾಂಸ ಕೆಟ್ಟಿತ್ತು. ಆ ಪ್ರಾಣಿ ಎಷ್ಟು ಹೊತ್ತು ನರಳಿತ್ತೋ ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ತೋಟಾದಲ್ಲಿ ಬೇಕಾದಷ್ಟು ಶಕ್ತಿ ಇತ್ತು. ಅದನ್ನು ಸರಿಯಾದ ಜಾಗಕ್ಕೆ ಕಳಿಸುವ ಕೈ ನನ್ನ ಹತ್ತಿರ ಇರಲಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವ ಅಳತೆ ಇದು: ಒಂದೇ ದಿನ 50 ಗುಂಡು ಹೊಡೆದ ಮೇಲೆ, 50ನೆಯದನ್ನೂ ಮೊದಲನೆಯದರಷ್ಟೇ ಶಾಂತವಾಗಿ ಹೊಡೆಯಲು ಆಗುವ ತೋಟಾ ನಿಮ್ಮದು. ಅದು .44 ಆದರೆ ಸಂತೋಷ. ಬಹಳ ಮಂದಿಗೆ ಅದು .357, ಅದೂ 1 ಕಿಲೋ ಮೇಲಿನ ಉಕ್ಕಿನ ರಿವಾಲ್ವರ್‌ನಲ್ಲಿ.

ಕೈ ಹೆದರುತ್ತಿದೆಯೋ ಇಲ್ಲವೋ ತಿಳಿಯಲು ಒಂದು ಉಪಾಯ. ಗೆಳೆಯನ ಕೈಗೆ ರಿವಾಲ್ವರ್ ಕೊಡಿ. ಅವರು ಸಿಲಿಂಡರ್‌ನಲ್ಲಿ ಮೂರು ಜೀವಂತ ತೋಟಾ, ಮೂರು ಸುಟ್ಟ ತೋಟೆ ಬೆರೆಸಿ ಹಾಕಿ ಮುಚ್ಚಿ ಕೊಡಲಿ. ಯಾವುದು ಎಲ್ಲಿದೆ ನಿಮಗೆ ಗೊತ್ತಿರಬಾರದು. ಸುಟ್ಟ ತೋಟೆಯ ಮೇಲೆ ಹ್ಯಾಮರ್ ಬಿದ್ದಾಗ ನಳಿಗೆಯ ತುದಿ ಅಲ್ಲಾಡದೆ ನಿಂತರೆ ನೀವು ಗೆದ್ದಿರಿ. ತುದಿ ಕೆಳಗೆ ಕುಕ್ಕಿದರೆ ಹಗುರ ತೋಟಾಕ್ಕೆ ಇಳಿದು ಮತ್ತೆ ಶುರು ಮಾಡಿ. .357 ಕೊಂಡವರಿಗೆ ಇಲ್ಲೂ ಲಾಭವಿದೆ. .38ರಲ್ಲಿ ಕೈ ಪಳಗಿಸಿ, ವಾರ ವಾರ ಮೇಲೇರಬಹುದು.

ಇನ್ನು ದೂರ. ಬಿಳಿಬಾಲದ ಜಿಂಕೆಯ ಎದೆಗೂಡಿನಲ್ಲಿ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚಿನ ವೃತ್ತ. ಪಾರ್ಟಿಗೆ ತರುವ ಕಾಗದದ ತಟ್ಟೆಯಷ್ಟು. ಮರದ ಮೇಲಿನ ಅಟ್ಟಣೆಯಲ್ಲಿ ಹೇಗೆ ಕೂರುತ್ತೀರೋ ಹಾಗೇ ಕೂತು, ಅದೇ ಜಾಕೆಟ್ ಹಾಕಿಕೊಂಡು, ಆ ತಟ್ಟೆಗೆ ಆರು ಗುಂಡು ಹೊಡೆಯಿರಿ. ಆರೂ ಒಳಗೆ ಬೀಳುವ ಅತಿ ಹೆಚ್ಚಿನ ದೂರವೇ ನಿಮ್ಮ ಗಡಿ. ಐದು ಒಳಗೆ, ಒಂದು ಹೊರಗೆ ಆದರೆ ಹತ್ತು ಗಜ ಮುಂದೆ ಬನ್ನಿ. ಬರಿಗಣ್ಣಿನ ಗುರಿಯಲ್ಲಿ .357 ಜೊತೆ ನನ್ನ ಗಡಿ 40 ಗಜ. ನೀವು ಮೊದಲ ವರ್ಷ 25 ಗಜಕ್ಕೆ ನಿಂತರೂ ಪರವಾಗಿಲ್ಲ. ನಮ್ಮ ಮಲೆನಾಡಿನ ಹಿರಿಯರು ಮರಸು ಕೂರುವ ಕಥೆ ಹೇಳುವುದನ್ನು ನೀವೂ ಕೇಳಿರುತ್ತೀರಿ. ಉಸಿರು ಬಿಗಿಹಿಡಿದು ಪ್ರಾಣಿ ಹತ್ತಿರ ಬರುವವರೆಗೆ ಕಾಯುವುದು. ರಿವಾಲ್ವರ್ ಬೇಟೆಯ ಪೂರ್ತಿ ಸೊಗಸು ಅದರಲ್ಲೇ ಇದೆ. ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಜಿಂಕೆ ಹೊಡೆಯುವುದು ಅಪರಾಧ, ಅದು ಸರಿಯೂ ಹೌದು. ಇಂಡಿಯಾನಾದ ಕಥೆ ಬೇರೆ. ಇಲ್ಲಿ 1890ರ ದಶಕದಲ್ಲಿ ಜಿಂಕೆ ಪೂರ್ತಿ ಅಳಿದುಹೋಗಿತ್ತು. 1934ರಿಂದ ಬೇರೆ ಕಡೆಯಿಂದ ತಂದು ಬಿಟ್ಟು ಬೆಳೆಸಿದರು. 1951ರಲ್ಲಿ ಮತ್ತೆ ಬೇಟೆ ತೆರೆದರು. ಈಗ ಲೈಸೆನ್ಸ್ ಪಡೆದವರ ಬೇಟೆಯೇ ಅವುಗಳ ಸಂಖ್ಯೆಯನ್ನು ಹದದಲ್ಲಿಡುವ ದಾರಿ.

ಬೇಟೆಗೆ ಯಾವ ಗುಂಡು? ರಿವಾಲ್ವರ್ ಗುಂಡು ಜಿಂಕೆಯನ್ನು ಕೊಲ್ಲುವುದು ತೂತಿನಿಂದ. ಆ ತೂತು ಎರಡೂ ಶ್ವಾಸಕೋಶ ದಾಟಿ ಆಚೆ ಬದಿಗೆ ತೆರೆದರೆ ಒಳ್ಳೆಯದು, ರಕ್ತದ ಜಾಡು ಸಿಗುತ್ತದೆ. ಅದಕ್ಕೆ ಭಾರದ ಗುಂಡು ಬೇಕು. 158 ಗ್ರೇನ್ ಸಾಫ್ಟ್ ಪಾಯಿಂಟ್ (ಮೂತಿಯಲ್ಲಿ ಸೀಸ ತೆರೆದಿರುವ ಗುಂಡು), ಅಥವಾ 180 ಗ್ರೇನ್‌ನ ಗಟ್ಟಿ ಸೀಸದ ಚಪ್ಪಟೆ ಮೂತಿಯ ಗುಂಡು. ಮಕ್ಕಳೂ ಆ ಮಾಂಸ ತಿನ್ನುತ್ತಾರೆ ಎಂದಾದರೆ 140 ಗ್ರೇನ್‌ನ ಪೂರ್ತಿ ತಾಮ್ರದ ಗುಂಡು ನೋಡಿ. ಸೀಸದ ಚೂರು ಮಾಂಸದಲ್ಲಿ ಉಳಿಯುವ ಚಿಂತೆ ಇರುವುದಿಲ್ಲ. 110 ಅಥವಾ 125 ಗ್ರೇನ್‌ನ ಹಗುರ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇದ್ದು, ತಾಗಿದಾಗ ಅರಳುವ ಗುಂಡು) ಮಾತ್ರ ಜಿಂಕೆಗೆ ಬೇಡವೇ ಬೇಡ. ಭುಜದ ಮೂಳೆಗೆ ತಾಗಿದರೆ ಅದು ಮೇಲುಮೇಲೆಯೇ ಒಡೆದುಹೋಗುತ್ತದೆ. ಎದುರು ನಿಂತ ಜಿಂಕೆಗೂ, ಓರೆಯಾಗಿ ಬೆನ್ನು ತೋರಿಸುವ ಜಿಂಕೆಗೂ ಹೊಡೆಯಬೇಡಿ. ಅಡ್ಡ ನಿಂತದ್ದಕ್ಕೆ, ಮುಂಗಾಲಿನ ಹಿಂಬದಿಗೆ, ಎದೆಯ ಕೆಳ ಮೂರನೇ ಭಾಗಕ್ಕೆ. ಹೊಡೆದ ಮೇಲೆ ಅರ್ಧ ಗಂಟೆ ಕೂತಲ್ಲೇ ಇರಿ. ನೊರೆ ಬೆರೆತ ಗುಲಾಬಿ ರಕ್ತ ಕಂಡರೆ ಶ್ವಾಸಕೋಶಕ್ಕೆ ಬಿದ್ದಿದೆ, ಹತ್ತಿರದಲ್ಲೇ ಸಿಗುತ್ತದೆ. ಹಸಿರು ಬೆರೆತು ವಾಸನೆ ಬಂದರೆ ಹೊಟ್ಟೆಗೆ ಬಿದ್ದಿದೆ, ಕೆಲವು ಗಂಟೆ ಕಾದೇ ಹೋಗಿ. ಬೇಗ ಅಟ್ಟಿಸಿದರೆ ಅದು ಇನ್ನೂ ದೂರ ಓಡುತ್ತದೆ.

ಸೊಂಟದ ಕೆಲಸದಲ್ಲಿ ಲೆಕ್ಕ ತಿರುಗಿಬಿಡುತ್ತದೆ. ಅಲ್ಲಿ ದೂರ ಕೆಲವೇ ಅಡಿ. ಬೆಳಕು ಕಡಿಮೆ. ಸುತ್ತ ಬೇರೆ ಜನ ಇರಬಹುದು, ಗೋಡೆಯ ಆಚೆ ಪಕ್ಕದ ಮನೆ ಇರಬಹುದು. ಜಿಂಕೆಯ ಆಚೆ ಬದಿಗೆ ಹಾಯುವ ಗುಂಡು ಇಲ್ಲಿ ಅಪಾಯ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐ ಇಬ್ಬರು ಏಜೆಂಟರನ್ನು ಕಳೆದುಕೊಂಡಿತು. ಅದಾದ ಮೇಲೆ ಅವರು ಗುಂಡುಗಳನ್ನು ಜೆಲಟಿನ್ ಗಟ್ಟಿಯಲ್ಲಿ ಪರೀಕ್ಷಿಸುವ ಕ್ರಮ ತಂದರು. 12ರಿಂದ 18 ಇಂಚು ಒಳಗೆ ಹೋಗಿ ನಿಲ್ಲುವ ಗುಂಡು ಒಳ್ಳೆಯದು ಎಂಬ ಮಾತು ಅಲ್ಲಿಂದ ಬಂದದ್ದು. 4 ಇಂಚಿನ ನಳಿಗೆಯಿಂದ .38 ಪ್ಲಸ್ ಪಿ ಹಾಲೋ ಪಾಯಿಂಟ್ ಈ ಕೆಲಸ ಚೆನ್ನಾಗಿ ಮಾಡುತ್ತದೆ. 2 ಇಂಚಿನ ನಳಿಗೆಯಿಂದ ವೇಗ ಬಿದ್ದುಹೋಗುವುದರಿಂದ ಹಳೆಯ ಮಾದರಿಯ ಹಾಲೋ ಪಾಯಿಂಟ್ ಅರಳದೆ ಹೋಗುವುದುಂಟು. ಅದಕ್ಕೆಂದೇ ಗಿಡ್ಡ ನಳಿಗೆಗೆ ಮಾಡಿದ ಸ್ಪೀರ್ ಗೋಲ್ಡ್ ಡಾಟ್ 135 ಗ್ರೇನ್‌ನಂಥ ತೋಟಾ ಇದೆ. ತೀರಾ ಹಗುರ ರಿವಾಲ್ವರ್ ಆದರೆ 148 ಗ್ರೇನ್‌ನ ವಾಡ್‌ಕಟರ್ ಕೂಡ ಒಳ್ಳೆಯ ಆಯ್ಕೆ. ಗುರಿ ಅಭ್ಯಾಸಕ್ಕೆ ಮಾಡಿದ ತೋಟಾ ಅದು, ಒದೆತ ಕಡಿಮೆ, ಅರಳದಿದ್ದರೂ ಸಾಕಷ್ಟು ಆಳ ಹೋಗುತ್ತದೆ.

ರಿವಾಲ್ವರ್ .357 ತಾನೇ, ಸೊಂಟದಲ್ಲೂ ಅದೇ ಮ್ಯಾಗ್ನಮ್ ಇರಲಿ ಎಂದು ಅನ್ನಿಸಬಹುದು. ಒಂದು ಕೋಣೆಯೊಳಗೆ ಕಿವಿಗೆ ಏನೂ ಹಾಕದೆ .357 ಹೊಡೆದರೆ ಏನಾಗುತ್ತದೆ ಯೋಚಿಸಿ. ಸದ್ದು 160 ಡೆಸಿಬೆಲ್ ಆಸುಪಾಸು. 140 ದಾಟಿದರೆ ಒಂದೇ ಸದ್ದಿಗೆ ಕಿವಿ ಶಾಶ್ವತವಾಗಿ ಕೆಡಬಹುದು. ಕತ್ತಲಲ್ಲಿ ನಳಿಗೆಯ ಬೆಂಕಿ ಕಣ್ಣು ಕೋರೈಸುತ್ತದೆ. ಎರಡನೆಯ ಗುಂಡಿಗೆ ಗುರಿ ಹಿಡಿಯುವುದು ತಡವಾಗುತ್ತದೆ. ಹಾಗಾಗಿ .38 ಪ್ಲಸ್ ಪಿ. ಬೇಟೆಯಲ್ಲೂ ಕಿವಿಗೆ ರಕ್ಷಣೆ ಹಾಕಿಕೊಳ್ಳಿ. ಸಣ್ಣ ಸದ್ದನ್ನು ಕೇಳಿಸಿ ದೊಡ್ಡದನ್ನು ತಡೆಯುವ ಎಲೆಕ್ಟ್ರಾನಿಕ್ ಮಫ್ ಸಿಗುತ್ತದೆ, ಎಲೆಯ ಸರಸರವೂ ಕೇಳುತ್ತದೆ.

ಎರಡು ತೋಟಾ ಒಂದೇ ರಿವಾಲ್ವರ್‌ನಲ್ಲಿ ಬಳಸುವವರು ಎಡವುವ ಜಾಗಗಳಿವೆ. ಇವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಒಂದು, ಎರಡೂ ಒಂದೇ ಜಾಗಕ್ಕೆ ಬೀಳುವುದಿಲ್ಲ. ಭಾರದ ಗುಂಡು ಸಾಮಾನ್ಯವಾಗಿ ಮೇಲೆ ಬೀಳುತ್ತದೆ, ಯಾಕೆಂದರೆ ಅದು ನಳಿಗೆ ಬಿಡುವಷ್ಟರಲ್ಲಿ ಒದೆತಕ್ಕೆ ತುದಿ ಎದ್ದಿರುತ್ತದೆ. ಹಾಗಾಗಿ ಸರಿಹೊಂದಿಸಬಹುದಾದ ಗುರಿ ಇರುವ ರಿವಾಲ್ವರ್ ಕೊಂಡು, ಬೇಟೆ ತೋಟಾಕ್ಕೆ ಸರಿ ಮಾಡಿಡಿ. .38 ಹತ್ತು ಗಜದಲ್ಲಿ ಎಲ್ಲಿ ಬೀಳುತ್ತದೆ ಎಂದು ನೋಡಿಕೊಂಡರೆ ಸಾಕು. ಇನ್ನೊಂದು, .38 ತುಂಬಾ ಹೊಡೆದ ಮೇಲೆ ಸಿಲಿಂಡರ್‌ನ ತೂತಿನೊಳಗೆ, ಆ ಗಿಡ್ಡ ತೋಟೆ ಮುಗಿಯುವ ಜಾಗದಲ್ಲಿ, ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ .357 ಪೂರ್ತಿ ಒಳಗೆ ಕೂರುವುದಿಲ್ಲ. ಬೇಟೆಯ ಬೆಳಿಗ್ಗೆ ಇದು ಗೊತ್ತಾದರೆ ಕಷ್ಟ. ಬ್ರಷ್ ಹಾಕಿ ಉಜ್ಜಿ, ಹಿಂದಿನ ದಿನವೇ .357 ಹಾಕಿ ನೋಡಿ. ಮತ್ತೆ, ಹಗುರ ರಿವಾಲ್ವರ್‌ನಲ್ಲಿ ಜೋರು ತೋಟಾ ಹೊಡೆದಾಗ ಸಿಲಿಂಡರ್‌ನಲ್ಲಿ ಉಳಿದ ತೋಟಾಗಳ ಗುಂಡು ಒದೆತಕ್ಕೆ ಮುಂದೆ ಜರುಗಿ ಸಿಲಿಂಡರನ್ನೇ ತಡೆಯಬಹುದು. ಐದು ಹೊಡೆದು ಆರನೆಯದನ್ನು ತೆಗೆದು ಹೊಸದರ ಪಕ್ಕ ಇಟ್ಟು ನೋಡಿ, ಉದ್ದ ವ್ಯತ್ಯಾಸ ಕಂಡರೆ ಆ ತೋಟಾ ಬಿಡಿ. ಇವೆಲ್ಲಕ್ಕಿಂತ ದೊಡ್ಡ ತಪ್ಪು ತೋಟಾ ಅದಲುಬದಲು ಮಾಡಿಕೊಳ್ಳುವುದು. ಗಟ್ಟಿ ಸೀಸದ ಬೇಟೆ ಗುಂಡನ್ನು ಸೊಂಟದಲ್ಲಿ ಮರೆತು ಪೇಟೆಗೆ ಹೋಗುವುದು. ಎರಡಕ್ಕೂ ಬೇರೆ ಬಣ್ಣದ ಡಬ್ಬಿ ಇಡಿ. ಕಾಡಿನಿಂದ ಬಂದ ಕೂಡಲೇ ಬದಲಿಸಿ, ಕೈ ತೊಳೆಯುವ ಮೊದಲೇ.

ಉಳಿದ ತೋಟಾಗಳ ಬಗ್ಗೆ ಚುಟುಕಾಗಿ. .44 ಸ್ಪೆಷಲ್ ಕಾನೂನಿಗೆ ಸರಿ, ಆದರೆ ಅದರ ಸಾಮಾನ್ಯ ತೋಟಾದ ಶಕ್ತಿ ಸುಮಾರು 310 ಅಡಿ-ಪೌಂಡ್ ಅಷ್ಟೇ. .44 ಮ್ಯಾಗ್ನಮ್ ಕೊಂಡವರಿಗೆ ಅದು ಒಳ್ಳೆಯ ಅಭ್ಯಾಸದ ತೋಟಾ, ಸೊಂಟಕ್ಕೂ ಆಗುತ್ತದೆ. .45 ಕೋಲ್ಟ್ 1873ರಿಂದ ಇದೆ, 250 ಗ್ರೇನ್‌ನ ನಿಧಾನ ಗುಂಡು, ಹತ್ತಿರದಿಂದ ಜಿಂಕೆಗೆ ಸಾಲುತ್ತದೆ, ಆದರೆ ರಿವಾಲ್ವರ್ ದಪ್ಪ. .41 ಮ್ಯಾಗ್ನಮ್ ತುಂಬಾ ಒಳ್ಳೆಯದು, ತೋಟಾ ಹುಡುಕುವುದೇ ಕೆಲಸವಾಗುತ್ತದೆ. .460, .500 ಎಂಬ ದೈತ್ಯಗಳು ನಿಮ್ಮ ಎರಡೂ ಕೆಲಸಕ್ಕೆ ಬೇಡ. ಊರಿನಲ್ಲಿ ಲೈಸೆನ್ಸ್ ಇರುವವರ ಮನೆಯಲ್ಲಿ ಕಾನ್ಪುರದ .32 ರಿವಾಲ್ವರ್ ನೋಡಿ ಬೆಳೆದವರು .327 ಫೆಡರಲ್ ಮ್ಯಾಗ್ನಮ್ ಬಗ್ಗೆ ಕೇಳುತ್ತಾರೆ. ಆ .32 ಲಾಂಗ್ ತೋಟಾ ಇದರಲ್ಲಿ ಹೋಗುತ್ತದೆ, ಅಭ್ಯಾಸಕ್ಕೆ ಬಹಳ ಮೆತ್ತಗೆ. ಸೊಂಟಕ್ಕೆ ನನಗೂ ಇಷ್ಟ. ಜಿಂಕೆಗೆ ಅದರ 100 ಗ್ರೇನ್ ಗುಂಡು ಹಗುರವಾಯಿತು.

ಎರಡು ಕೊಳ್ಳುವ ಮಾತು ಆಮೇಲೆ ಅಂದಿದ್ದೆ. ಉಕ್ಕಿನ 4 ಇಂಚಿನ .357 ಸುಮಾರು 1.1 ಕಿಲೋ ತೂಗುತ್ತದೆ. ಚಳಿಗಾಲದಲ್ಲಿ ಜಾಕೆಟ್ ಕೆಳಗೆ, ಗಟ್ಟಿ ಬೆಲ್ಟ್ ಮೇಲೆ ಅದನ್ನು ಹೊರಬಹುದು. ಜುಲೈನಲ್ಲಿ ಟೀ ಶರ್ಟ್ ಹಾಕಿದಾಗ ಅದು ಮನೆಯಲ್ಲೇ ಉಳಿಯುತ್ತದೆ. ಕೆಲವು ತಿಂಗಳಲ್ಲಿ ನಿಮಗೇ ಇದು ಅನುಭವವಾಗುತ್ತದೆ. 425 ಗ್ರಾಮ್ ಆಸುಪಾಸಿನ ಐದು ಗುಂಡಿನ .38 ಸೊಂಟಕ್ಕೆ, 6 ಇಂಚಿನ .357 ಅಥವಾ .44 ಕಾಡಿಗೆ. ಆಗ ಯಾವುದನ್ನೂ ತಗ್ಗಿಸಿಕೊಳ್ಳಬೇಕಿಲ್ಲ.

ಕೊನೆಗೆ ಕಾಗದಪತ್ರ. 2022ರ ಜುಲೈ 1ರಿಂದ ಇಂಡಿಯಾನಾದಲ್ಲಿ ಅರ್ಹರಾದವರು ಪರ್ಮಿಟ್ ಇಲ್ಲದೆ ಕೈಬಂದೂಕನ್ನು ಮೈಮೇಲೆ ಇಟ್ಟುಕೊಂಡು ಓಡಾಡಬಹುದು. ಆದರೂ ಪರ್ಮಿಟ್ ಮಾಡಿಸಿ, ಅದನ್ನು ಒಪ್ಪುವ ರಾಜ್ಯಗಳಿವೆ. ಇಲಿನಾಯ್ ಒಪ್ಪುವುದಿಲ್ಲ. ಶಿಕಾಗೋಗೆ ಯುಗಾದಿ ಕಾರ್ಯಕ್ರಮಕ್ಕೆ ಹೊರಟ ದಿನ ಅದನ್ನು ಮನೆಯ ತಿಜೋರಿಯಲ್ಲಿ ಬೀಗ ಹಾಕಿಟ್ಟೇ ಹೋಗಿ. ನೀವು ನಾಗರಿಕರು, ನಿಮಗೆ ತೊಡಕಿಲ್ಲ. ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದ ಗೆಳೆಯರು ನಿಮ್ಮನ್ನು ನೋಡಿ ಆಸೆಪಟ್ಟರೆ ಅವರಿಗೆ ಮೊದಲೇ ಹೇಳಿ: ಅಂಥ ವೀಸಾದವರು ಬಂದೂಕು ಅಥವಾ ತೋಟಾ ಹೊಂದುವುದು ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ವಕೀಲರನ್ನು ಕೇಳದೆ ಅದರ ಮೇಲೆ ಹೆಜ್ಜೆ ಇಡಬಾರದು. ನೀವು 1986ರ ಡಿಸೆಂಬರ್ 31ರ ನಂತರ ಹುಟ್ಟಿದ್ದರೆ ಲೈಸೆನ್ಸ್‌ಗೆ ಮೊದಲು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಬೇಕು.

ಈಗ ಮಾಡಬೇಕಾದ್ದು ಇಷ್ಟು. ಬಾಡಿಗೆಗೆ ರಿವಾಲ್ವರ್ ಕೊಡುವ ರೇಂಜ್‌ಗೆ ಹೋಗಿ 4 ಇಂಚಿನ .357 ಒಂದನ್ನೂ, 6 ಇಂಚಿನ .44 ಒಂದನ್ನೂ ಹೊಡೆದು ನೋಡಿ. ಕೊಂಡ ಮೇಲೆ ಸುಮಾರು 500 .38 ತೋಟಾ ಅಭ್ಯಾಸಕ್ಕೆ ತನ್ನಿ, ಬೇಟೆ ತೋಟಾ ಮೂರು ಬೇರೆ ಬೇರೆ ತಯಾರಕರದ್ದು ಒಂದೊಂದು ಡಬ್ಬಿ. ತಟ್ಟೆಯ ಮೇಲೆ ಯಾವುದು ಚೆನ್ನಾಗಿ ಗುಂಪು ಕಟ್ಟುತ್ತದೋ ಅದನ್ನೇ ಇಟ್ಟುಕೊಳ್ಳಿ. ಅಕ್ಟೋಬರ್ ಕೊನೆಯೊಳಗೆ ಕೂತು ಹೊಡೆದ ತಟ್ಟೆಯ ಫೋಟೋ, ದೂರ ಬರೆದು ಕಳಿಸಿ. ಯಾವ ಗಜಕ್ಕೆ ನಿಲ್ಲಬೇಕೆಂದು ಸೇರಿ ನೋಡೋಣ.